ಕೊಟ್ಟಿಗೆಯ ಕಾರು, ಕಲ್ಲಯ್ಯನವರ ಹೆಸರು

ನಮ್ಮನೆಯವರಿಗೆ ಕಾರು ಓಡಿಸುವುದಕ್ಕಿಂತ ಕಾರು ಬಿಚ್ಚುವುದು ಚೆನ್ನಾಗಿ ಬರುತ್ತಿತ್ತು. ಹೆಸರು ವಿಘ್ನೇಶ್ವರ ಹೆಗಡೆ, ಕೆಲಸ ಯಲ್ಲಾಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೆಕ್ಯಾನಿಕ್. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಮನೆಯ ಗಡಿಯಾರ ಬಿಚ್ಚಿದರು, ಆಮೇಲೆ ರೇಡಿಯೋ, ಆಮೇಲೆ ನನ್ನ ತವರಿನಿಂದ ಬಂದ ಹೊಲಿಗೆ ಯಂತ್ರ. ಸುಳ್ಳು ಹೇಳಬಾರದು, ಬಿಚ್ಚಿದ್ದನ್ನೆಲ್ಲ ತಿರುಗಿ ಜೋಡಿಸುತ್ತಿದ್ದರು, ಜೋಡಿಸಿದ್ದು ಮೊದಲಿಗಿಂತ ಚೆನ್ನಾಗಿಯೇ ನಡೆಯುತ್ತಿತ್ತು. ಅದೇ ಅವರ ತಲೆಗೇರಿದ್ದು. ತಮ್ಮ ಕೈ ತಪ್ಪುವುದೇ ಇಲ್ಲ ಎಂಬ ನಂಬಿಕೆ ಗಟ್ಟಿಯಾಗಿ ಕೂತುಬಿಟ್ಟಿತು. ನಂಬಿಕೆ ಇರಲಿ, ಬೇಡ ಅನ್ನುವುದಿಲ್ಲ. ತಪ್ಪಾದರೆ ಅದು ಬೇರೆಯವರ ಕೈಯದೇ ಅನ್ನುವವರೆಗೆ ಹೋಗಬಾರದಿತ್ತು.

ಆ ಕಾರು ಬಂದದ್ದು ತೊಂಬತ್ತಮೂರರಲ್ಲಿ. ಶಿರಸಿಯಲ್ಲಿ ಒಬ್ಬರು ಸಾಮಿಲ್ ಮಾಲೀಕರು ತೀರಿಕೊಂಡರು. ಅವರು ಹರೆಯದಲ್ಲಿ ಮುಂಬಯಿಯಿಂದ ತರಿಸಿಕೊಂಡಿದ್ದ ಎಂ.ಜಿ. ಕಾರೊಂದು ಮಿಲ್ಲಿನ ಮೂಲೆಯಲ್ಲಿ ಮರದ ಹೊಟ್ಟಿನಲ್ಲಿ ಅರ್ಧ ಮುಳುಗಿ ಕೂತಿತ್ತು. ಎರಡೇ ಸೀಟು, ತಲೆಯ ಮೇಲೆ ಮಾಡೇ ಇಲ್ಲ, ಮೂತಿ ಮಾತ್ರ ಇಷ್ಟುದ್ದ. ವಿಲಾಯತಿಯಲ್ಲಿ ಇಂಥದನ್ನು ಪಂದ್ಯಕ್ಕೆ ಓಡಿಸುತ್ತಾರಂತೆ. ಮಕ್ಕಳು ಅದನ್ನು ಗುಜರಿಗೆ ಹಾಕುತ್ತಾರೆ ಎಂದು ಕೇಳಿದ್ದೇ ಇವರು ಊಟ ಬಿಟ್ಟು ಓಡಿದರು, ಕೈಮುಗಿದು ಕೇಳಿ ಲಾರಿಯ ಮೇಲೆ ಹಾಕಿಸಿಕೊಂಡು ಬಂದರು. ನಮ್ಮ ಕೊನೆಯ ಎಮ್ಮೆ ಮಾರಿ ಕೊಟ್ಟಿಗೆ ಖಾಲಿ ಇತ್ತು. ಕಾರು ಅಲ್ಲಿ ಸೇರಿತು. ಎಮ್ಮೆಗೆ ಕುಡಿಯಲು ಅಕ್ಕಚ್ಚು ಹಾಕುತ್ತಿದ್ದ ಕಲ್ಲಿನ ಬಾನಿಯಲ್ಲಿ ಸೀಮೆಎಣ್ಣೆ ತುಂಬಿಸಿ ಎಂಜಿನ್ನಿನ ಭಾಗಗಳನ್ನು ನೆನೆಹಾಕಿದರು. ಹುಲ್ಲಿನ ಅಟ್ಟದ ಮೇಲೆ ಸೀಟು, ಗೂಟಕ್ಕೆ ಸೈಲೆನ್ಸರ್. ಮನೆಗೆ ಬಂದ ನೆಂಟರು ಮೂಗು ಮುಚ್ಚಿಕೊಂಡು ನಗುತ್ತಿದ್ದರು. ಅಂಟಲಕಾಯಿಯ ನೊರೆ ಹಾಕಿ ಎಷ್ಟು ಉಜ್ಜಿದರೂ ಇವರ ಉಗುರಿನ ಕಪ್ಪು ಹೋಗುತ್ತಿರಲಿಲ್ಲ. ಮಾವನ ಶ್ರಾದ್ಧದ ದಿನ ದರ್ಭೆ ಹಿಡಿದ ಆ ಬೆರಳುಗಳನ್ನು ಪುರೋಹಿತ ಗೋವಿಂದ ಭಟ್ಟರು ನೋಡಿದ ನೋಟ ನನಗಿನ್ನೂ ನೆನಪಿದೆ.

ಅಂಥ ಹಳೆಯ ಕಾರಿಗೆ ಸಾಮಾನು ಎಲ್ಲಿ ಸಿಗಬೇಕು? ಸವೆದದ್ದನ್ನೆಲ್ಲ ಹೊಸದಾಗಿ ಕಡೆಸಬೇಕು. ಕಡೆದುಕೊಟ್ಟವರು ಕಲ್ಲಯ್ಯನವರು. ಬನವಾಸಿ ಕಡೆಯವರು, ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ನಮ್ಮ ಮನೆಯ ದಾರಿ ಹೆದ್ದಾರಿಗೆ ಸೇರುವಲ್ಲಿ ಅವರ ಲೇಥ್ ಅಂಗಡಿ. ಅರಬೈಲ್ ಘಟ್ಟ ಹತ್ತಿ ಬರುವಷ್ಟರಲ್ಲಿ ಏನಾದರೊಂದು ಮುರಿದುಕೊಂಡ ಲಾರಿಗಳು ಅಲ್ಲಿ ಸಾಲುಗಟ್ಟಿ ನಿಂತಿರುತ್ತಿದ್ದವು. ಲಾರಿಯ ಕೆಲಸ ಮುಗಿಸಿ ಅವರು ನಮ್ಮ ಕೊಟ್ಟಿಗೆಗೆ ಬರುತ್ತಿದ್ದರು. ಬಂದರೆ ಇಬ್ಬರದೂ ಜಗಳ. ಒಂದು ಬುಶ್ಶು ಕೂದಲೆಳೆಯಷ್ಟು ದಪ್ಪವಾಯಿತು ಎಂದು ಇವರು, ಆಗಿಲ್ಲ ಎಂದು ಅವರು. ಚಹಾ ತಣ್ಣಗಾದರೂ ಜಗಳ ತಣ್ಣಗಾಗುತ್ತಿರಲಿಲ್ಲ. ಆದರೆ ಭಾನುವಾರ ಕಲ್ಲಯ್ಯನವರು ಬರುವುದು ತಡವಾದರೆ ಇವರು ಹತ್ತು ಸಲ ಗೇಟಿಗೆ ಹೋಗಿ ನೋಡುತ್ತಿದ್ದರು. ನನ್ನ ದಾರಿಯನ್ನು ಇವರು ಹಾಗೆ ಕಾದದ್ದು ನಾನು ಕಾಣೆ.

ಕಲ್ಲಯ್ಯನವರ ಎಡಗೈ ಹೆಬ್ಬೆರಳು ಅರ್ಧವೇ ಇತ್ತು. ಒಂದು ಭಾನುವಾರ ನಾನು ಚಹಾ ಹಿಡಿದು ನಿಂತಿದ್ದಾಗಲೇ ಇವರು ಅದು ಹೇಗಾಯಿತು ಎಂದು ಕೇಳಿಬಿಟ್ಟರು.  ಕಲ್ಲಯ್ಯನವರು ಮುಚ್ಚಿಡದೆ ಹೇಳಿದರು. ಹುಬ್ಬಳ್ಳಿಯಲ್ಲಿ ವರ್ಕ್‌ಶಾಪಿನಲ್ಲಿದ್ದಾಗ ಕುಡಿತ ಹತ್ತಿತ್ತಂತೆ. ಕುಡಿದೇ ಲೇಥಿನ ಮುಂದೆ ನಿಂತ ಒಂದು ದಿನ ಬೆರಳು ಹೋಯಿತು. ಹೆಂಡತಿ ಅನ್ನಪೂರ್ಣವ್ವ ಕೂಸನ್ನು ಎತ್ತಿಕೊಂಡು ತವರಿಗೆ ನಡೆದಳು. ಆಗ ಲಿಂಗ ಮುಟ್ಟಿ ಆಣೆ ಮಾಡಿ ಕುಡಿತ ಬಿಟ್ಟವರು ಮತ್ತೆ ಕುಡಿದಿಲ್ಲ, ಅದನ್ನು ನೋಡಿ ಹೆಂಡತಿ ತಿರುಗಿ ಬಂದಳು. ಪರಿಚಯದವರು ಒಬ್ಬರೂ ಇಲ್ಲದ ಊರು ಬೇಕೆಂದೇ ಯಲ್ಲಾಪುರಕ್ಕೆ ಬಂದದ್ದು.

“ಈ ಊರಾಗ ಇದು ಯಾರಿಗೂ ಗೊತ್ತಿಲ್ರಿ ಹೆಗಡೇರ” ಎಂದರು. “ನಿಮ್ಮ ಹೊಟ್ಟ್ಯಾಗ ಇರ್ಲಿ.”

ಇವರು ಗ್ರೀಸು ಮೆತ್ತಿದ ಕೈಯಲ್ಲೇ ಅವರ ಕೈ ಹಿಡಿದು, ಈ ಮಾತು ಕೊಟ್ಟಿಗೆ ದಾಟುವುದಿಲ್ಲ ಎಂದರು. ನಾನೂ ತಲೆಯಾಡಿಸಿದೆ. ಅಂದಿನಿಂದ ಅವರು ನಮಗೆ ಮನೆಯವರ ಹಾಗೇ ಆದರು.

ಎಂಜಿನ್ ಪೂರ್ತಿ ಸಿದ್ಧವಾಗುವಷ್ಟರಲ್ಲಿ ತೊಂಬತ್ತೊಂಬತ್ತು ಬಂತು. ನವರಾತ್ರಿಯ ಆಯುಧಪೂಜೆಯ ದಿನ ಮೊದಲ ಬಾರಿ ರಸ್ತೆಗಿಳಿಸುವುದು, ಸೀದಾ ಚಂದಗುಳಿಗೆ ಹೋಗಿ ಗಣಪತಿಗೆ ಹರಕೆಯ ಗಂಟೆ ಕಟ್ಟಿ ಬರುವುದು ಎಂದು ಇವರು ನಿಶ್ಚಯ ಮಾಡಿದರು. ಎಕ್ಸ್‌ಚೇಂಜಿನವರು, ಕೇರಿಯವರು, ನಾಲ್ಕು ಲಾರಿ ಇಟ್ಟುಕೊಂಡ ಜಟ್ಟಪ್ಪ ನಾಯ್ಕರು, ಅವರ ಚಾಲಕರು, ಎಲ್ಲರಿಗೂ ಕರೆ ಹೋಯಿತು. ಅಂಗಳ ತುಂಬಿತು. ಅಷ್ಟು ಜನರಿಗೆ ಎಂಜಿನ್ ಕಾಣಬೇಕಲ್ಲ, ಇವರು ಬಾನೆಟ್ಟಿನ ಎರಡೂ ರೆಕ್ಕೆ ತೆಗೆದಿಟ್ಟರು. ಗಾಳಿಯ ಧೂಳು ತಡೆಯುವ ಏರ್ ಫಿಲ್ಟರು ಇದ್ದರೆ ಚಂದವಲ್ಲ ಎಂದು ಅದನ್ನೂ ಬಿಚ್ಚಿದರು. ಎರಡು ಕಾರ್ಬೊರೇಟರುಗಳ ಬಾಯಿ, ಎಂಜಿನ್ನು ಗಾಳಿ ಎಳೆದುಕೊಳ್ಳುವ ಬಾಯಿ, ತಿಕ್ಕಿ ತಿಕ್ಕಿ ಹೊಳೆಯುವಂತೆ ಮಾಡಿದ್ದರು. ಬಂದವರಿಗೆಲ್ಲ ಅದನ್ನು ಬಗ್ಗಿ ನೋಡಿ ಎಂದು ತೋರಿಸಿದ್ದೇ ತೋರಿಸಿದ್ದು.

ಗೋವಿಂದ ಭಟ್ಟರು ಪೂಜೆ ಮುಗಿಸಿ ಎಲ್ಲರ ಕೈಗೂ ಅಕ್ಷತೆ ಕೊಟ್ಟರು. ಅರಿಶಿನ, ತುಪ್ಪ ಸವರಿದ ಅಕ್ಕಿ. ಮಂತ್ರ ಹೇಳಿ ಮುಗಿಯುತ್ತಲೂ ಎಲ್ಲಿಗೆ ಹಾಕುವುದು ಎಂದು ಯಾರೋ ಕೇಳಿದರು. ಎಂಜಿನ್ನಿಗೇ ಹಾಕಿ, ಅದೇ ಅದರ ಜೀವ ಎಂದರು ಇವರು. ಹೇಳಿದ್ದು ಇವರೇ, ನನ್ನ ಕಿವಿಯಾರೆ ಕೇಳಿದ್ದೇನೆ. ಜನ ಒಬ್ಬರ ಮೇಲೊಬ್ಬರು ಬಿದ್ದು ಹಾಕಿದರು, ಮದುವೆಯಲ್ಲಿ ವಧೂವರರ ತಲೆಗೆ ಹಾಕುವ ಹಾಗೆ. ಹಿಂದೆ ನಿಂತಿದ್ದ ಕಲ್ಲಯ್ಯನವರನ್ನು ಇವರು ತೋಳು ಹಿಡಿದು ಮುಂದೆ ಕರೆದುಕೊಂಡು ಬಂದು ಅವರಿಂದಲೂ ಹಾಕಿಸಿದರು. ಚಂದಗುಳಿಗೆ ಪಕ್ಕದ ಸೀಟಿನಲ್ಲಿ ನಾನು ಕೂರುವುದು ಅಂದುಕೊಂಡಿದ್ದೆ. ಕೂತದ್ದು ಕಲ್ಲಯ್ಯನವರು. ಸ್ವಲ್ಪ ಮುಖ ಸಣ್ಣದಾಯಿತು ನನಗೆ, ಆದರೂ ನ್ಯಾಯ ಅದೇ ಎಂದು ಸುಮ್ಮನಾದೆ.

ಕಾರು ಒಂದೇ ಸಲಕ್ಕೆ ಶುರುವಾಯಿತು. ಎಂಥ ಸದ್ದು ಅದು, ಜನ ಚಪ್ಪಾಳೆ ಹೊಡೆದರು, ಇವರ ಕಣ್ಣಲ್ಲಿ ನೀರು ಬಂತು. ಮೆಲ್ಲಗೆ ಅಂಗಳ ದಾಟಿತು. ಹೆದ್ದಾರಿಯ ಏರಿಗೆ ಹೋಗಿ ಇವರು ಆಕ್ಸಿಲರೇಟರ್ ಒತ್ತಿದ್ದೇ ತಡ, ಒಂದು ಕೆಮ್ಮು ಕೆಮ್ಮಿತು. ಕಾರ್ಬೊರೇಟರಿನ ಬಾಯಿಂದ ಪಟ್ ಪಟ್ ಎಂದು ಬೆಂಕಿ ಉಗುಳಿತು. ನಡು ರಸ್ತೆಯಲ್ಲಿ ಗಡಗಡ ನಡುಗಿ ನಿಂತುಬಿಟ್ಟಿತು. ಹಿಂದೆ ಲಾರಿಗಳ ಹಾರ್ನು, ಮುಂದೆ ಅಂಕೋಲೆಯ ಬಸ್ಸು, ಬಸ್ಸಿನ ಕಿಟಕಿ ತುಂಬ ಹಲ್ಲು. ಜನ ಸೇರಿ ಅದನ್ನು ಹಿಂದಕ್ಕೆ ನೂಕಿಕೊಂಡು ಅಂಗಳಕ್ಕೆ ತಂದರು. ಇವರು ಹ್ಯಾಂಡಲ್ ಹಾಕಿ ತಿರುಗಿಸಿ ನೋಡಿದರು. ಒಂದು ಸಿಲಿಂಡರಿನಲ್ಲಿ ಬಿಗಿಯೇ ಇಲ್ಲ. ಅಂದರೆ ಗಾಳಿ ಒಳಗೆ ಬಿಟ್ಟು ಮುಚ್ಚಿಕೊಳ್ಳುವ ವಾಲ್ವು ಸರಿಯಾಗಿ ಕೂರುತ್ತಿಲ್ಲ. ವಾಲ್ವು ಕೂರುವ ಜಾಗ ಕಡೆದುಕೊಟ್ಟವರು ಕಲ್ಲಯ್ಯನವರು. ಆ ಹೊತ್ತಿಗೇ ಜಟ್ಟಪ್ಪ ನಾಯ್ಕರು, ಗಣಪತಿಗೆ ಎತ್ತು ಕಟ್ಟಿದ ಗಾಡಿಯೇ ಇಷ್ಟ ಕಾಣಿಸುತ್ತದೆ ಎಂದು ಏನೋ ತಮಾಷೆ ಮಾಡಿದರು. ಅಂಗಳವೆಲ್ಲ ನಕ್ಕಿತು. ಇವರ ಮುಖ ಕೆಂಪಾಯಿತು.

“ಮತ್ತೆ ಕುಡಿಯೋಕೆ ಶುರು ಮಾಡಿದ್ರೇನ್ರಿ ಕಲ್ಲಯ್ಯನವರೇ?” ಎಂದರು. “ಹುಬ್ಬಳ್ಳಿಯಲ್ಲಿ ಒಂದು ಬೆರಳು ಹೋದದ್ದು ಸಾಕಾಗಲಿಲ್ವಾ?”

ನಗು ಅಲ್ಲಿಗೇ ನಿಂತಿತು. ಎಲ್ಲರೂ ಕಲ್ಲಯ್ಯನವರ ಹೆಬ್ಬೆರಳು ನೋಡಿದರು. ಅವರು ಆ ಕೈಯನ್ನು ಮೆಲ್ಲಗೆ ಅಂಗಿಯ ಜೇಬಿನೊಳಗೆ ಹಾಕಿಕೊಂಡರು.  ಅನ್ನಪೂರ್ಣವ್ವ ಹೆಂಗಸರ ನಡುವೆ ಕೂತಿದ್ದವಳು ಎದ್ದು ಬಂದು, ನಡೀರಿ ಎಂದು ಗಂಡನನ್ನು ಕರೆದುಕೊಂಡು ಹೋದಳು. ನಾನು ಪಂಚಕಜ್ಜಾಯದ ತಟ್ಟೆ ಹಿಡಿದುಕೊಂಡು ನಿಂತಲ್ಲೇ ನಿಂತೆ. ನೆಲ ಬಾಯಿಬಿಟ್ಟರೆ ಇಳಿದು ಹೋಗುತ್ತಿದ್ದೆ, ಅಷ್ಟು ನಾಚಿಕೆಯಾಯಿತು ನನಗೆ. ಮಾತಾಡಿದವರಿಗೆ ಆಗ ನಾಚಿಕೆಯಿಲ್ಲ, ಸಿಟ್ಟೇ ಇತ್ತು.

ಮಾತು ಸಂಜೆಯೊಳಗೆ ಪೇಟೆ ಮುಟ್ಟಿತು. ಕೆಲವರು ನಂಬಿದರು. ಹೆಗಡೆಯವರಿಗೆ ಮೂಗಿನ ತುದಿಯ ಸಿಟ್ಟು, ಬಾಯಿಗೆ ಬಂದದ್ದು ಆಡುತ್ತಾರೆ ಎಂದು ಕೆಲವರು ನಂಬಲಿಲ್ಲ. ಆದರೆ ಲಾರಿ ಚಾಲಕರು ಕೆಲಸ ಕೊಡುವ ಮೊದಲು ಏನೋ ಕೇಳುವ ನೆವದಲ್ಲಿ ಕಲ್ಲಯ್ಯನವರ ಮುಖದ ಹತ್ತಿರ ಬಗ್ಗಿ ಮೂಸತೊಡಗಿದರು. ಜಟ್ಟಪ್ಪ ನಾಯ್ಕರಂತೂ ತಮ್ಮ ಲಾರಿಯ ಕೆಲಸ ಮುಗಿಯುವವರೆಗೆ ಅಲ್ಲೇ ಸ್ಟೂಲು ಹಾಕಿ ಕಾವಲು ಕೂರುತ್ತಿದ್ದರು. ಹಿಟ್ಟಿನ ಗಿರಣಿಯಲ್ಲಿ ಸಿಕ್ಕರೆ ಅಕ್ಕಾರ ಎಂದು ಬಾಯಿತುಂಬ ಕರೆಯುತ್ತಿದ್ದ ಅನ್ನಪೂರ್ಣವ್ವ ಈಗ ಗಿರಣಿಯ ತಿರುಗುವ ಪಟ್ಟಿಯನ್ನೇ ನೋಡುತ್ತ ನಿಲ್ಲುತ್ತಿದ್ದಳು. ಅವಳನ್ನು ಮಾತಾಡಿಸಲು ನನಗೆ ಬಾಯಿ ಬರುತ್ತಿರಲಿಲ್ಲ.

ಇವರು ಕೊಟ್ಟಿಗೆಯ ಬಾಗಿಲು ಹಾಕಿದವರು ತೆಗೆದದ್ದು ದೀಪಾವಳಿ ಕಳೆದ ಮೇಲೆ. ಎಂಜಿನ್ನಿನ ಹೆಡ್ ಎತ್ತಿದ ದಿನ ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಒಳಗಿನಿಂದ ಕರೆದ ದನಿಯೇ ಬೇರೆ ಇತ್ತು.

“ಹೋಯ್, ಇಲ್ಲಿ ಬಾ. ಇದು ಎಂತ ನೋಡು.”

ವಾಲ್ವಿನ ಅಂಚಿಗೆ ಏನೋ ಕಚ್ಚಿಕೊಂಡು ಕೂತಿತ್ತು. ಪಾತ್ರೆಯ ತಳಕ್ಕೆ ಹತ್ತಿದ ಅನ್ನದ ಹಾಗೆ ಕರಕಲಾಗಿತ್ತು, ಒಂದು ಬದಿ ಇನ್ನೂ ಹಳದಿ ಇತ್ತು. ಮುಟ್ಟಿ ನೋಡಬೇಕಾಗಿಯೇ ಇರಲಿಲ್ಲ. ಅಕ್ಕಿಯನ್ನು ದಿನಾ ಆರಿಸುವವಳು ನಾನು. ಅಕ್ಷತೆ ಎಂದೆ. ಕಾರ್ಬೊರೇಟರಿನ ಬಾಯಿಗೆ ಬಿದ್ದ ಕಾಳು ಎಂಜಿನ್ನು ಜೋರಾಗಿ ಉಸಿರೆಳೆದಾಗ ಒಳಗೆ ಹೋಗಿ ವಾಲ್ವಿನ ಅಡಿ ಸಿಕ್ಕಿಬಿದ್ದಿದೆ. ವಾಲ್ವು ಕೂರುವ ಜಾಗ ಕಲ್ಲಯ್ಯನವರು ಕಡೆದುಕೊಟ್ಟ ಹಾಗೇ ಕನ್ನಡಿಯಂತಿತ್ತು. ಇವರು ಬಾನಿಯ ಕಟ್ಟೆಯ ಮೇಲೆ ಕೂತರು.

“ಈಗ್ಲೇ ಹೋಗಿ ಹೇಳಿಕ್ಕೆ ಬನ್ನಿ” ಎಂದೆ.

“ಇಂದು ಬ್ಯಾಡ” ಎಂದರು. “ಮುಖ ತೋರ್ಸಲೆ ಆಗ್ತಿಲ್ಲೆ ಯಂಗೆ.”

ಇಂದು ಬೇಡ ಅಂದದ್ದು ನಾಳೆಯೂ ಬೇಡವಾಯಿತು. ಸಂಕ್ರಾಂತಿ ಹೋಯಿತು, ಶಿವರಾತ್ರಿ ಹೋಯಿತು. ಇವರು ಎಕ್ಸ್‌ಚೇಂಜಿಗೆ ಹೆದ್ದಾರಿಯ ದಾರಿ ಬಿಟ್ಟು ಹಿಂದಿನ ಗದ್ದೆಬಯಲಿನ ಕಾಲುದಾರಿ ಸುತ್ತಿ ಹೋಗತೊಡಗಿದರು. ಊಟಕ್ಕೆ ಕೂತರೆ ತಟ್ಟೆಯ ಅನ್ನ ನೋಡುತ್ತಲೇ ಏಳುತ್ತಿದ್ದರು. ಕನಿಕರ ಬರಲಿಲ್ಲವೇ ಎಂದು ಕೇಳಿದರೆ, ಬಂತು. ಸಿಟ್ಟು ಅದಕ್ಕಿಂತ ಹೆಚ್ಚು ಬಂತು. ಇವರು ಕೊಟ್ಟಿಗೆಯಲ್ಲಿ ಕೂತು ನಾಚಿಕೆಪಡುತ್ತಿದ್ದರೆ ಅಲ್ಲಿ ಆ ಮನುಷ್ಯನ ಬಾಯಿಯನ್ನು ಊರವರು ಮೂಸುತ್ತಿದ್ದರಲ್ಲ! ನಿಮ್ಮ ನಾಚಿಕೆಯಿಂದ ಅವರ ಯಾವ ಕೆಲಸ ಆಗುತ್ತದೆ ಎಂದು ಒಂದು ದಿನ ಮುಖಕ್ಕೇ ಹೇಳಿದೆ.

ಕಡೆಗೆ ಹೋದರು. ಅಂಗಡಿಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ ನೋಡಿಕೊಂಡು ಹೋದರು. ಎಲೆಯಲ್ಲಿ ಸುತ್ತಿದ ಆ ಕಾಳನ್ನು ಬೆಂಚಿನ ಮೇಲಿಟ್ಟು, ತಪ್ಪು ನನ್ನದು, ನಿಮ್ಮ ಕೆಲಸದಲ್ಲಿ ಏನೂ ದೋಷವಿರಲಿಲ್ಲ ಎಂದರಂತೆ. ಕಲ್ಲಯ್ಯನವರು ಲೇಥ್ ನಿಲ್ಲಿಸಿ ಕೇಳಿದರು. ಕಾಳನ್ನೂ ನೋಡಿದರು. ಆಮೇಲೆ ಆಡಿದ್ದು ಒಂದೇ ಮಾತು. ಅದನ್ನು ಇವರು ಮನೆಗೆ ಬಂದು ನನಗೆ ಒಪ್ಪಿಸಿದರು.

“ಅವತ್ತ ನಿಮ್ಮ ಅಂಗಳದಾಗ ಊರಽ ಕೂಡಿತ್ತು ಹೆಗಡೇರ. ಇವತ್ತ ನೀವೊಬ್ರಽ ಬಂದೀರಿ.”

ಇದು ಇವರಿಗೆ ನಾಟಿತು. ಮರುವರ್ಷದ ಆಯುಧಪೂಜೆಗೆ ಹಿಂದಿನ ವರ್ಷ ಬಂದವರನ್ನೆಲ್ಲ ತಿರುಗಿ ಕರೆದರು. ಕಲ್ಲಯ್ಯನವರ ಮನೆಗೆ ನಾವಿಬ್ಬರೂ ಹೋಗಿ ಕುಂಕುಮ ಕೊಟ್ಟು ಕರೆದೆವು. ಬರುವುದಿಲ್ಲ ಎಂದುಕೊಂಡಿದ್ದೆ, ಬಂದರು. ಅನ್ನಪೂರ್ಣವ್ವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಸಿ ಕರೆದುಕೊಂಡು ಬಂದಿದ್ದಳು. ಇವತ್ತು ತಮ್ಮ ಹೆಸರು ತೊಳೆದು ಕೊಡುತ್ತಾರೆ ಎಂಬ ಆಸೆ ಅವಳ ಮುಖದಲ್ಲೇ ಕಾಣುತ್ತಿತ್ತು. ಪೂಜೆಯಾಯಿತು. ಎಂಜಿನ್ನಿಗೆ ಬಟ್ಟೆ ಹೊದಿಸಿಯೇ ಇಟ್ಟಿದ್ದರು. ಇವರು ಎದ್ದು ನಿಂತು ಕೈಮುಗಿದರು. ಫಿಲ್ಟರು ತೆಗೆದದ್ದು ತಾವು, ಎಂಜಿನ್ನಿಗೇ ಹಾಕಿ ಎಂದದ್ದು ತಾವು, ಕೆಡಿಸಿದ್ದು ಈ ಅಕ್ಕಿಕಾಳು ಎಂದು ತೋರಿಸಿದರು. ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಗಲಿ ಎಂದು ಇವರು ಕಾದರು. ಅಷ್ಟಕ್ಕೇ ಕೂತಿದ್ದರೆ ಆಗುತ್ತಿತ್ತು. ಕೂರಲಿಲ್ಲ.

“ಕಲ್ಲಯ್ಯನವರು ಅವತ್ತು ಕುಡಿದಿರಲಿಲ್ಲ” ಎಂದರು. “ಹುಬ್ಬಳ್ಳಿ ಬಿಟ್ಟ ಮೇಲೆ ಅವರು ಒಂದು ತೊಟ್ಟೂ ಮುಟ್ಟಿದವರಲ್ಲ. ಲಿಂಗದ ಮೇಲೆ ಆಣೆ ಮಾಡಿ ಬಿಟ್ಟವರು.”

ನಾನು ಅನ್ನಪೂರ್ಣವ್ವನ ಮುಖ ನೋಡಿದೆ. ಇವರ ದನಿಯಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ, ಹೊಗಳುತ್ತಿದ್ದೇನೆ ಎಂದೇ ತಿಳಿದಿದ್ದರು. ಜಟ್ಟಪ್ಪ ನಾಯ್ಕರು ಎದ್ದು ಹೋಗಿ ಕಲ್ಲಯ್ಯನವರ ಬೆನ್ನು ತಟ್ಟಿದರು. ಕುಡಿತ ಬಿಡುವುದು ಸಣ್ಣ ಕೆಲಸವಲ್ಲ, ಬಿಟ್ಟದ್ದು ದೊಡ್ಡದು, ಇನ್ನು ಮುಂದೂ ಹೀಗೇ ಇರು ಎಂದು ಎಲ್ಲರೆದುರು ಬುದ್ಧಿ ಹೇಳಿದರು. ಇನ್ನೊಬ್ಬರು, ತಮ್ಮ ಭಾವನಿಗೂ ಇದೇ ಚಟ, ಬಿಡುವ ಉಪಾಯ ಏನಾದರೂ ಇದ್ದರೆ ಹೇಳು ಎಂದರು. ಕಲ್ಲಯ್ಯನವರು ಎಲ್ಲದಕ್ಕೂ, ಆತ್ರಿ, ಆತ್ರಿ ಎಂದು ತಲೆ ತಗ್ಗಿಸಿ, ಪ್ರಸಾದಕ್ಕೂ ನಿಲ್ಲದೆ ಹೋದರು.

ಪ್ರಸಾದ ಕಟ್ಟಿಕೊಂಡು ನಾನೇ ಅವರ ಮನೆಗೆ ಹೋದೆ. ಅನ್ನಪೂರ್ಣವ್ವ ಒಳಗೆ ಕರೆದಳು, ಚಾಪೆ ಹಾಕಿದಳು, ನೀರು ಕೊಟ್ಟಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಹ್ವಾದ ವರ್ಷ ಅರ್ಧ ಊರು ನಂಬಿರ್ಲಿಲ್ರಿ ಅಕ್ಕಾರ” ಎಂದಳು. “ಇವತ್ತ ಉಳದ ಅರ್ಧಾನೂ ನಂಬ್ತು.”

ಮನೆಗೆ ಬಂದು ಇದನ್ನು ಇವರಿಗೆ ಹೇಳಿದೆ. ಹೇಳದೆ ಇರಬಹುದಿತ್ತು, ಇರಲಾಗಲಿಲ್ಲ. ಇವರು ತಲೆಯ ಮೇಲೆ ಕೈ ಹೊತ್ತು ಕೂತರು. ಸಣ್ಣ ಮಗುವಿನ ಹಾಗೆ ಬಿಕ್ಕಿದರು. ಬೈದು ತಪ್ಪು ಮಾಡಿದ್ದು ಗೊತ್ತಿತ್ತು, ಹೊಗಳಿಯೂ ತಪ್ಪು ಮಾಡಬಹುದು ಎಂದು ಅವರಿಗೆ ಅಂದೇ ತಿಳಿದದ್ದು.

ಕಾರು ಈಗ ಸರಿಯಾಗಿತ್ತು. ಒಂದೇ ಸಲಕ್ಕೆ ಶುರುವಾಗುತ್ತಿತ್ತು, ಬೆಣ್ಣೆಯ ಹಾಗೆ ಓಡುತ್ತಿತ್ತು. ಆದರೆ ನಮ್ಮ ಮನೆಯಿಂದ ಕಾರಿನಲ್ಲಿ ಎಲ್ಲಿಗೆ ಹೋಗುವುದಿದ್ದರೂ ಕಲ್ಲಯ್ಯನವರ ಅಂಗಡಿ ದಾಟಿಯೇ ಹೋಗಬೇಕು. ಆ ಸದ್ದು ಮಾಡಿಕೊಂಡು ಅವರೆದುರು ಹೋಗಲು ಇವರಿಗೆ ಮನಸ್ಸು ಬರಲಿಲ್ಲ. ಏನು ಮಾಡಿದರು ಗೊತ್ತೇ? ಅಂಗಡಿಗಿಂತ ಈಚೆಗೇ ಎಂಜಿನ್ ಬಂದ್ ಮಾಡಿ, ಕೆಳಗಿಳಿದು, ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಕಾರನ್ನು ನೂಕಿಕೊಂಡು ದಾಟುತ್ತಿದ್ದರು. ಅಂಗಡಿ ಹಿಂದೆ ಬಿದ್ದ ಮೇಲೆ ಹತ್ತಿ ಶುರು ಮಾಡುವುದು. ಬರುವಾಗಲೂ ಅದೇ. ಐವತ್ತರ ಹತ್ತಿರ ಬಂದ ಮನುಷ್ಯ, ಬೆವರು ಸುರಿಸುತ್ತ, ನೆಟ್ಟಗಿದ್ದ ಕಾರನ್ನು ಎತ್ತಿನ ಹಾಗೆ ನೂಕುವುದನ್ನು ನಾನು ಸೀಟಿನಲ್ಲಿ ಕೂತು ನೋಡಬೇಕಾಗಿತ್ತು. ಇದೊಂದು ಪ್ರಾಯಶ್ಚಿತ್ತ ಎಂದು ತಿಳಿದಿದ್ದರೋ ಏನೋ. ಹೀಗಾದರೂ ಮನಸ್ಸಿಗೆ ಸಮಾಧಾನವಾಗಲಿ ಎಂದು ನಾನೂ ಬಿಟ್ಟೆ.

ಒಂದು ದಿನ ಹಾಗೆ ನೂಕುತ್ತಿದ್ದಾಗ ಅಂಗಡಿಯ ಮುಂದೆ ಎರಡು ಲಾರಿ ನಿಂತಿದ್ದವು. ಚಾಲಕರು ನೋಡಿ ನಗುತ್ತಿದ್ದರು, ಇವತ್ತೂ ಕೆಟ್ಟಿತೇ ಎಂದು ಒಬ್ಬ ಕೂಗಿ ಕೇಳಿದ. ಇವರು ತಲೆ ತಗ್ಗಿಸಿ ನೂಕಿದರು. ಆಗ ಕಲ್ಲಯ್ಯನವರು ಲೇಥ್ ಬಿಟ್ಟು ಹೊರಗೆ ಬಂದರು. ಎಷ್ಟೋ ತಿಂಗಳ ಮೇಲೆ ಅವರು ನಮ್ಮ ಕಡೆ ನಡೆದು ಬಂದದ್ದು. ಇವರ ಮುಖ ಅರಳಿತು, ನೂಕುವುದು ನಿಲ್ಲಿಸಿ ಎರಡು ಹೆಜ್ಜೆ ಮುಂದೆ ಹೋದರು. ಕಲ್ಲಯ್ಯನವರು ಕಾರಿನ ಮೂತಿಯ ಮೇಲೆ ಅಂಗೈ ಇಟ್ಟರು. ದನಿ ಎತ್ತರಿಸಲಿಲ್ಲ.

“ಚಾಲೂ ಮಾಡ್ಕೊಂಡ ಹೋಗ್ರಿ ಹೆಗಡೇರ. ಕೈಮುಗೀತೀನಿ. ನೀವು ದಿನಾ ಇಲ್ಲಿ ನೂಕಿದ್ರ, ಕಲ್ಲಯ್ಯ ಮಾಡಿದ್ದ ಇಂಜಿನ್ನ ಮತ್ತ ಕೆಟ್ಟೈತಿ ಅಂತಾರ ಮಂದಿ.”

ಅಷ್ಟು ಹೇಳಿ ತಿರುಗಿ ಒಳಗೆ ಹೋದರು. ಇವರು ಬಂದು ಸೀಟಿನಲ್ಲಿ ಕೂತರು. ಕೀಲಿಗೆ ಕೈ ಹಾಕಲಿಲ್ಲ, ನಾನೇ ಹಿಡಿದು ತಿರುಗಿಸಿದೆ. ಎಂಜಿನ್ ಒಂದೇ ಸಲಕ್ಕೆ ಶುರುವಾಯಿತು. ಚಾಲಕರ ನಗು ನಿಂತಿತು. ನಾನು ತಿರುಗಿ ನೋಡಿದೆ. ಕಲ್ಲಯ್ಯನವರು ನಮ್ಮ ಕಡೆ ಬೆನ್ನು ಮಾಡಿ ಲೇಥಿನ ಮುಂದೆ ನಿಂತಿದ್ದರು.